ಕೆಂಪು ಸೀಲು

ಮಾರ್ಚ್ 3, ಬೆಳಿಗ್ಗೆ 11
ಇವತ್ತು ಹದಿನಾಲ್ಕು ವಿಡಾಲ್ ಟೆಸ್ಟ್. ಒಂಬತ್ತಕ್ಕೆ ಕೆಂಪು ಸೀಲು ಒತ್ತಿದೆ — 'ಟೈಫಾಯ್ಡ್ ಪಾಸಿಟಿವ್'. ರಕ್ತದ ತಿಳಿಯನ್ನು ಎಂಬತ್ತು ಪಟ್ಟು ತೆಳುಮಾಡಿದ ಮೇಲೂ ಕಣ ಕಟ್ಟಿದರೆ ಸೀಲು. ಈ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಇದೇ ಕಟ್ಟಲೆ. ಕೊನೆಯದು ನಮ್ಮ ಅತ್ತಿಗೆಯದು. ಆರು ದಿನದ ಜ್ವರ.
"ಬಲಗಡೆ ಪಕ್ಕೆ ಕೆಳಗೆ ನೋಯುತ್ತೆ ಡಾಕ್ಟ್ರೇ" ಎಂದರು.
"ಟೈಫಾಯ್ಡಲ್ಲಿ ಎಲ್ಲಾ ಕಡೆ ನೋಯುತ್ತಮ್ಮ." ನಮ್ಮ ಆಸ್ಪತ್ರೆಯ ಡಾಕ್ಟರು ತಲೆ ಎತ್ತಲಿಲ್ಲ. ಸೀಲು ನೋಡಿ ಹದಿನಾಲ್ಕು ದಿನದ ಇಂಜೆಕ್ಷನ್ ಬರೆದರು.

ಮಾರ್ಚ್ 9, ಸಂಜೆ 5
ಆರು ದಿನ ಚುಚ್ಚಿದರೂ ಜ್ವರ ಜಗ್ಗಿಲ್ಲ. ತಲೆಯೊಳಗೆ ಹುಳ ಬಿಟ್ಟಂತಾಗಿದೆ.
ರಕ್ತದಾನ ಮಾಡಿದ ನಲವತ್ತು ಮಂದಿಯ ಸ್ಯಾಂಪಲ್ ಫ್ರಿಜ್‌ನಲ್ಲಿತ್ತು. ಎಲ್ಲರೂ ಗುಂಡುಕಲ್ಲಿನಂಥವರು. ವಿಡಾಲ್ ಮಾಡಿದೆ. ಹದಿನೇಳು ಮಂದಿ 'ಪಾಸಿಟಿವ್'! ನನ್ನದೂ ಮಾಡಿದೆ — ನಾನೂ 'ಪಾಸಿಟಿವ್'. ಥೂ! ಎಂದೋ ತಗುಲಿದ ಸೋಂಕೋ, ಲಸಿಕೆಯೋ... ಕಣ ಕಟ್ಟಿಸುವಷ್ಟು ಪ್ರತಿಕಾಯ ಆರೋಗ್ಯವಂತರ ರಕ್ತದಲ್ಲೂ ಸುಮ್ಮನೆ ಇರುತ್ತದೆ. ಹನ್ನೊಂದು ವರ್ಷ ಏನಂತ ಒತ್ತಿದೆ ನಾನು?

ಮಾರ್ಚ್ 10, ಬೆಳಿಗ್ಗೆ 10
ಪಟ್ಟಿ ಹಿಡಿದು ಡಾಕ್ಟರ ಹತ್ತಿರ ಹೋದೆ.
"ಯಾರನ್ನ ಕೇಳಿ ಮಾಡಿದೆ? ಸೀಲು ಒತ್ತೋದು ನಿನ್ನ ಕೆಲಸ. ಯೋಚ್ನೆ ಮಾಡೋದು ನಂದು."
ಮೈಯೆಲ್ಲ ಉರಿದುಹೋಯಿತು. ಅಲ್ಲಿ ಅತ್ತಿಗೆ ಎದ್ದು ಕೂರಲಾರದೆ ನರಳುತ್ತಿದ್ದಾರೆ. ಈ ಮನುಷ್ಯನಿಗೆ ಯೋಚನೆಯಂತೆ! ...ಶುಗರ್ ಟೆಸ್ಟಿಗೆಂದು ಇವರೇ ಬೆಳಿಗ್ಗೆ ಕೊಟ್ಟ ರಕ್ತ ಇನ್ನೂ ರ‍್ಯಾಕಿನಲ್ಲೇ ಇದೆ.

ಮಧ್ಯಾಹ್ನ 3
ಮಾಡಿಯೇಬಿಟ್ಟೆ. ಅವರದೂ 'ಪಾಸಿಟಿವ್'. ಹೆಸರಿನ ಜಾಗದಲ್ಲಿ 'ರೋಗಿ 42' ಎಂದು ಬರೆದು, ಸೀಲು ಒತ್ತಿ, ಮೇಜಿನ ಮೇಲಿಟ್ಟೆ.
"ಟೈಫಾಯ್ಡ್. ಇವತ್ತೇ ಇಂಜೆಕ್ಷನ್ ಶುರು ಮಾಡ್ಸು. ಎಲ್ಲಿ ಪೇಶೆಂಟು?"
"ನನ್ನೆದುರಿಗೇ ಕೂತಿದ್ದಾರೆ ಸಾರ್. ನೀವೇ."
ತಕ್ಷಣ ಅವರ ಕೈ ಹಣೆಗೆ ಹೋಯಿತು, ಜ್ವರ ಇದೆಯೇ ಎಂದು ನೋಡಿಕೊಳ್ಳಲು! ನಗು ಬರಬೇಕಿತ್ತು, ಬರಲಿಲ್ಲ. "ಅತ್ತಿಗೆಗೆ ಸ್ಕ್ಯಾನ್ ಬರೀರಿ" ಎಂದೆ. ಚೀಟಿ ಎಳೆದುಕೊಂಡು ಬರೆದರು.

ಮಾರ್ಚ್ 11
ಯಕೃತ್ತಿನಲ್ಲಿ ಮುಷ್ಟಿಗಾತ್ರದ ಕೀವಿನ ಗಡ್ಡೆ. ಒಡೆಯುವುದರಲ್ಲಿತ್ತಂತೆ. ದೊಡ್ಡಾಸ್ಪತ್ರೆಗೆ ಸಾಗಿಸಿದೆವು. ಅಣ್ಣನ ಮುಂದೆ ಡಾಕ್ಟರನ್ನು ಬಾಯಿಗೆ ಬಂದಂತೆ ಬೈದೆ. ಅವನೆಂದ:
"ಡಾಕ್ಟ್ರು ಯಾರೋ ಏನೋ. ನಾವು ನಂಬಿದ್ದು ನಿನ್ನ ಸೀಲನ್ನ ಕಣೇ."

ಮಾರ್ಚ್ 16, ಸಂಜೆ 4
ಐದು ದಿನ ಪೆನ್ನು ಮುಟ್ಟಲಿಲ್ಲ.
ಅತ್ತಿಗೆ ಇವತ್ತು ಕಣ್ಣು ಬಿಟ್ಟರು. ಮೂಗಿನಲ್ಲಿ ನಳಿಕೆ, ಪಕ್ಕೆಯಲ್ಲಿ ನಳಿಕೆ. ನನ್ನ ಕೈ ಹಿಡಿದುಕೊಂಡರು.
"ನೀನು ಬೇಗ ಟೆಸ್ಟ್ ಮಾಡಿದ್ದಕ್ಕೆ ಬದುಕಿದೆ ಕಣೇ. ಟೈಫಾಯ್ಡ್ ಪೂರ್ತಿ ಹೋಯ್ತಾ?"
ಹೂಂ ಎಂದುಬಿಟ್ಟೆ. ಹಾಳಾದ ಬಾಯಿ! ನಾಳೆ ಹೇಳಲೇಬೇಕು — ಅತ್ತಿಗೆ, ನಿಮಗೆ ಟೈಫಾಯ್ಡ್ ಇರಲೇ ಇಲ್ಲ, ಆ ಸೀಲು ಒತ್ತಿದವಳು...