ಗೋಲಿಗೆ ಬೆನ್ನು ಮಾಡಿ ನಿಂತವನಿಗೆ

ಬೆಳಗಾವಿ,
೧೧ ನವೆಂಬರ್ ೨೦೨೫, ಮಂಗಳವಾರ

ಖಾನಾಪುರದ ನನ್ನ ಸಿದರಾಯನಿಗೆ,

ಐ ಬೆಗ್ ಟು ಸ್ಟೇಟ್, ನಾವು ಗೆದ್ದೆವು. ಮೊನ್ನೆ ರವಿವಾರ ನಮ್ಮ ಕೋಟೆ ಬಾಯ್ಸ್ ತಂಡ ಕ್ಯಾಂಪಿನವರನ್ನು ಸೋಲಿಸಿ ಫುಟ್ಬಾಲ್ ಲೀಗ್ ಕಪ್ ಎತ್ತಿತು. ಮೂವತ್ನಾಲ್ಕು ವರ್ಷದ ಮೇಲೆ. ತಂಡದ ಕೋಚ್ ನಿನ್ನ ಮಗ ಅಮರನೇ ಆಗಿರುವಾಗ ಸುದ್ದಿ ನಿನಗೆ ಅಂದೇ ಮುಟ್ಟಿದೆ, ಬಲ್ಲೆ. ಆದರೂ ಬರೆಯುತ್ತಿದ್ದೇನೆ. ಫೋನು ಮಾಡಿದರೆ ನಾನು ಮಂಡಿನೋವು, ಜೋಳದ ರೇಟು ಎಂದು ಮಾತಾಡಿ ಇಟ್ಟುಬಿಡುತ್ತೇನೆ. ಹೇಳಬೇಕಾದದ್ದು ಏಳು ವರ್ಷದಿಂದ ಹಾಗೇ ಉಳಿದಿದೆ.

೧೯೯೧ರ ಕಪ್ ನೆನಪಿದೆಯೇ? ಒಂದು ರಾತ್ರಿಯ ಮಟ್ಟಿಗೆ ಅದನ್ನು ನಮ್ಮ ಮನೆಯಲ್ಲಿ ಇಡಲು ಕೊಟ್ಟಿದ್ದರು. ಮಂಕಾಗಿದೆ ಎಂದು ನನ್ನಾಕೆ ಶಿವಲಿಂಗವ್ವ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಬೆಳಗಾಗುವುದರೊಳಗೆ ಮೇಲಿನ ಬೆಳ್ಳಿ ಬಣ್ಣವೆಲ್ಲ ಹೋಗಿತ್ತು. ನಾವಿಬ್ಬರೂ ತಲೆಯ ಮೇಲೆ ಕೈ ಹೊತ್ತು ಕೂತರೆ ಅವಳು, "ಬೆಳ್ಳಿ ಅಂತ ಸುಳ್ಳು ಹೇಳ್ಯಾರ ನಿಮಗ. ಹಿತ್ತಾಳಿ ಐತಿ ಇದು. ನನಗ ಬೈಬ್ಯಾಡ್ರಿ, ಕೊಟ್ಟಾವರಿಗೆ ಬೈರಿ" ಅಂದಳು. ನೀನು ಚಹಾದ ಕಪ್ ಕೆಳಗಿಟ್ಟು ನಗಲು ಶುರು ಮಾಡಿದವನು ಏಳು ಗಂಟೆಯ ಖಾನಾಪುರ ಗಾಡಿ ತಪ್ಪಿಸಿಕೊಂಡೆ. ಹಂಚಿನ ಕಾರ್ಖಾನೆಯಲ್ಲಿ ಅರ್ಧ ದಿನದ ರಜೆ ಹಾಕಬೇಕಾಯಿತು. ಅರ್ಜಿ ನಾನೇ ಬರೆದುಕೊಟ್ಟೆ. ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಾಮ್ ಸ್ಟಮಕ್ ಏಕ್. ಕಾಲೇಜಿನ ಮೂರು ವರ್ಷದಲ್ಲಿ ನನ್ನ ಇಂಗ್ಲಿಷು ನಿಂತದ್ದೇ ಅಷ್ಟಕ್ಕೆ. ಮ್ಯಾಚು ಇದ್ದಾಗಲೆಲ್ಲ ನಮ್ಮಿಬ್ಬರ ಹೊಟ್ಟೆಯೂ ನೋಯುತ್ತಿತ್ತು.

ಮಾತು ಎಲ್ಲಿಗೋ ಹೋಯಿತು. ಬರಬೇಕಾದ ಜಾಗಕ್ಕೆ ಬರುತ್ತೇನೆ.

ಪೆನಾಲ್ಟಿ ಬಂತೆಂದರೆ ನೀನು ಗೋಲಿಗೆ ಬೆನ್ನು ಮಾಡಿ ನಿಲ್ಲುವುದು, ಆದದ್ದನ್ನು ನಾನು ನಿನ್ನ ಕಿವಿಯಲ್ಲಿ ಹೇಳುವುದು. ಇದು ಶುರುವಾದದ್ದು ನಾವು ಕಾಲೇಜಿನಲ್ಲಿದ್ದಾಗ. ನೀನು ಕಿತ್ತ ಚಪ್ಪಲಿ ಹುಡುಕುತ್ತ ಬಗ್ಗಿದ್ದೆ, ಅಷ್ಟರಲ್ಲಿ ನಮ್ಮವರು ಪೆನಾಲ್ಟಿಯಲ್ಲಿ ಗೋಲು ಹೊಡೆದರು. ಮುಂದಿನ ಪೆನಾಲ್ಟಿಗೆ ಹುಡುಗರೇ ನಿನ್ನ ಭುಜ ಹಿಡಿದು ತಿರುಗಿಸಿದರು. ಅದೂ ಗೋಲಾಯಿತು. ಆಮೇಲೆ ಅದು ಪದ್ಧತಿಯೇ ಆಯಿತು. ನಲವತ್ತು ವರ್ಷ ನೀನು ರಸ್ತೆಯ ಮೇಲೆ ಹೋಗುವ ಬಸ್ಸು, ಎಮ್ಮೆ ನೋಡುತ್ತ ನಿಂತೆ. ನಾನು ಗೋಲು ನೋಡಿದೆ.

೨೦೧೮ರ ಸೆಮಿಫೈನಲ್ಲಿನಲ್ಲಿ ಕೊನೆಯ ಪೆನಾಲ್ಟಿ ಹೊಡೆಯಲು ಬಂದವನು ಅಮರ. ಆ ಒಂದು ಸಲ ನೀನು ತಿರುಗಿ ನೋಡಿದೆ. ಹೆತ್ತ ಮಗ ಚೆಂಡಿನ ಮುಂದೆ ನಿಂತಿರುವಾಗ ಯಾವ ತಂದೆ ರಸ್ತೆ ನೋಡುತ್ತಾನೆ? ಕೀಪರ್ ಚೆಂಡನ್ನು ತಡೆದ. ನಾನು ಎಲ್ಲರಿಗೂ ಕೇಳುವ ಹಾಗೆ, "ಯಾಕ ತಿರುಗಿ ನೋಡಿದಿ ಲೇ ಸಿದರಾಯ? ನಿನ್ನ ದೃಷ್ಟಿನ ತಾಗಿತು ನೋಡು" ಅಂದೆ. ಹಿಂದಿನಿಂದ ಯಾರೋ "ಖರೇ ಐತಿ" ಅಂದರು. ನೀನು ಟೊಪ್ಪಿಗೆ ಸರಿ ಮಾಡಿಕೊಂಡು ಸ್ಟೇಷನ್ ಕಡೆ ನಡೆದುಬಿಟ್ಟೆ.

ನಿನಗೆ ಸಿಟ್ಟು ಬಂದಿದೆ ಎಂದೇ ನಾನು ತಿಳಿದಿದ್ದೆ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಮೂರು ವರ್ಷದ ಹಿಂದೆ ಶಿವಲಿಂಗವ್ವನ ಮಣ್ಣಿಗೆ ಬಂದಾಗ ನೀನು ನನ್ನ ಕೈ ಹಿಡಿದು ಕೂತಿದ್ದೆ. ಏನು ಮಾತಾಡಬೇಕೋ ತಿಳಿಯದೆ, ಮುಂದಿನ ವಾರ ಮ್ಯಾಚಿದೆ, ಬಾ ಎಂದೆ. ನೀನು, "ಬ್ಯಾಡೋ ಬಸಲಿಂಗ. ಟೀಮ್ ಉಳೀಬೇಕಂದ್ರ ನಾ ಬರಬಾರ್ದು" ಅಂದೆ. ನೀನು ನನ್ನ ಮಾತನ್ನು ನಂಬಿದ್ದೆ. ಆ ಕ್ಷಣದಲ್ಲೇ ಹೇಳಬೇಕಿತ್ತು, ಹೇಳಲಿಲ್ಲ. ಈಗ ಹೇಳುತ್ತೇನೆ.

ಆ ದಿನ ಪೆನಾಲ್ಟಿಗೆ ಮುಂಚೆ ಹುಡುಗರು ಗೆರೆಯ ಹತ್ತಿರ ನೀರು ಕುಡಿಯುತ್ತಿದ್ದರು. ನಾನು ಹಗ್ಗದ ಮೇಲಿಂದ ಬಗ್ಗಿ ಅಮರನ ತೋಳು ಹಿಡಿದೆ. "ಆ ಕೀಪರ್ ಯಾವಾಗಲೂ ರೋಡಿನ ಕಡೆ ಹಾರ್ತಾನ. ನೀ ಕೋಟೆ ಕಡೆ ಹೊಡಿ. ನಾ ಎರಡು ಮ್ಯಾಚ್ ನೋಡೇನಿ" ಅಂದೆ. ಚೆಂಡು ಕೋಟೆ ಕಡೆಗೇ ಹೋಯಿತು. ಕೀಪರ್ ಬೀಗರನ್ನು ಎದುರುಗೊಳ್ಳಲು ನಿಂತವನ ಹಾಗೆ ಅಲ್ಲೇ ನಿಂತಿದ್ದ. ನಾಲ್ಕು ಜನ ನನ್ನ ಕಡೆ ತಿರುಗುವ ಮೊದಲೇ ನಾನು ನಿನ್ನ ಕಡೆ ಬೆರಳು ಮಾಡಿದೆ. ಇದ್ದದ್ದು ಇಷ್ಟೇ. ನಿನ್ನ ಕಣ್ಣಿನಲ್ಲಿ ಏನೂ ಇರಲಿಲ್ಲ ಸಿದರಾಯ, ನನ್ನ ನಾಲಿಗೆಯಲ್ಲಿತ್ತು.

ಇಷ್ಟು ವರ್ಷ ಸುಮ್ಮನಿದ್ದವನು ಈಗೇಕೆ ಬಾಯಿ ಬಿಟ್ಟೆ ಎನ್ನುತ್ತೀಯ. ಮೊನ್ನೆಯ ಫೈನಲ್ಲೂ ಪೆನಾಲ್ಟಿಗೇ ಹೋಯಿತು, ನಾಲ್ಕು-ಮೂರರಲ್ಲಿ ಗೆದ್ದೆವು. ಹುಡುಗರು ಅಮರನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು. ಮೈದಾನದ ಬಾಜು ಚಹಾ ಮಾರುವ ಕರೆಪ್ಪ ಎಲ್ಲರ ಕೈಗೂ ಕುಂದಾ ಹಾಕುತ್ತ, "ಖಾನಾಪುರದ ಮುತ್ಯಾ ಬರಲಿಲ್ಲ ನೋಡ್ರಿ, ಅದಕ್ಕ ಗೆದ್ವಿ" ಅಂದ. ನಿನ್ನ ಬಗ್ಗೆ ಚಾಷ್ಟಿಗೆ, ತಮಾಷೆಗೇ ಅಂದದ್ದು. ಎಲ್ಲರೂ ನಕ್ಕರು. ಅಮರ ಮೇಲಿನಿಂದಲೇ ಕೇಳಿಸಿಕೊಂಡ. ಎತ್ತಿ ಹಿಡಿದ ಕಪ್ಪನ್ನು ಪಕ್ಕದವನ ಕೈಗೆ ಕೊಟ್ಟು, "ಇಳಸ್ರಿ ನನ್ನ" ಅಂದ.

ಅವನ ಆ ಮುಖ ಎರಡು ದಿನದಿಂದ ಕಣ್ಣ ಮುಂದಿನಿಂದ ಹೋಗಿಲ್ಲ. ನಿನ್ನ ಮಗ ಗೆದ್ದಿದ್ದಾನೆ, ಆದರೆ ಅವನು ಗೆದ್ದದ್ದೇ ನೀನು ಅಪಶಕುನ ಎಂಬುದಕ್ಕೆ ಸಾಕ್ಷಿಯಾಗಿ ಕೂತಿದೆ. ನಾನು ಇನ್ನೂ ಬಾಯಿ ಮುಚ್ಚಿಕೊಂಡಿದ್ದರೆ ನೀನು ಈ ಜನ್ಮದಲ್ಲಿ ಮೈದಾನಕ್ಕೆ ಬರುವುದಿಲ್ಲ. ಅದಕ್ಕೇ ನಿನ್ನೆ ಕರೆಪ್ಪನ ಅಂಗಡಿಯ ಬಾಕಿನ ಮೇಲೆ ಕೂತು, ಇದ್ದವರೆಲ್ಲರ ಮುಂದೆ ಆ ದಿನದ ಸಂಗತಿ ಹೇಳಿದೆ. ಕರೆಪ್ಪ ಸ್ಟೋವ್ ಆರಿಸಿ, "ಅಲ್ರೀ ಯಜಮಾನ್ರ, ಏಳು ವರ್ಷ ಇದನ್ನ ಹೊಟ್ಯಾಗ ಇಟಗೊಂಡು ಚಹಾ ಹೆಂಗ ಕುಡದ್ರಿ ಇಲ್ಲಿ?" ಎಂದು ಕೇಳಿದ.

ಬರುವ ರವಿವಾರ ಹತ್ತು ಗಂಟೆಗೆ ಕೋಟೆಯ ಬಾಗಿಲಿನಿಂದ ಕಪ್ಪಿನ ಮೆರವಣಿಗೆ. ಬೆಳಗಿನ ಗಾಡಿಗೆ ಮಾಯಕ್ಕ ವೈನಿಯನ್ನೂ ಕರೆದುಕೊಂಡು ಬಾ, ಮಗನ ಕಪ್ಪನ್ನು ತಾಯಿಯೂ ನೋಡಲಿ. ಸ್ಟೇಷನ್ನಿನಲ್ಲಿ ನಾನಿರುತ್ತೇನೆ. ಬೈಯುವುದಿದ್ದರೆ ಅಲ್ಲೇ ಬೈ, ಜನರ ಮುಂದೆ. ನಾನೂ ನಿನಗೆ ಜನರ ಮುಂದೆಯೇ ಅಂದದ್ದು. ಕ್ಷಮೆಗೆ ಕಾಲೇಜಿನಲ್ಲಿ ಒಂದು ದೊಡ್ಡ ಇಂಗ್ಲಿಷ್ ವಾಕ್ಯ ಬಾಯಿಪಾಠ ಮಾಡಿದ್ದೆ. ಕೈಂಡ್ಲಿ ಎಂಬುದೊಂದು ನೆನಪಿದೆ, ಉಳಿದದ್ದು ಹೋಗಿದೆ. ಕನ್ನಡದಲ್ಲಿ ಹೇಳುತ್ತೇನೆ: ತಪ್ಪಾಯಿತು.

ಯುವರ್ಸ್ ಒಬೀಡಿಯೆಂಟ್ಲಿ,
ನಿನ್ನ ಬಸಲಿಂಗಪ್ಪ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಮರ ಬಂದ. ಪತ್ರವನ್ನು ಪೂರ್ತಿ ಓದಿ ಹೇಳಿದೆ. ಅವನು, "ಕಾಕಾ, ನಿಮ್ಮ ಮಾತ ನಾ ಎಲ್ಲಿ ಕೇಳಿದ್ನಿ? ನಾ ರೋಡಿನ ಕಡೆನ ಹೊಡಿಯಾಕ ಹೋಗಿದ್ನಿ. ನೆಲ ಹಸಿ ಇತ್ತು, ಕಾಲ ಜಾರಿ ಚೆಂಡು ಆ ಕಡೆ ಹೋತು" ಅಂದ. ನೆಲ ಹಸಿಯಿತ್ತೇ? ನನಗೆ ನೆನಪಾಗುತ್ತಿಲ್ಲ. ನಿಜ ಹೇಳಿದನೋ, ಮುದುಕನಿಗೆ ಮುಲಾಮು ಹಚ್ಚಿದನೋ ತಿಳಿಯದು. ಬಗ್ಗಿ ಬೂಟಿನ ಲಾಡಿ ಕಟ್ಟುತ್ತ ಹೇಳಿದ, ಮುಖ ಕಾಣಲಿಲ್ಲ. ಕಂಡಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ. ನೀನು ಅವನ ತಂದೆ. ರವಿವಾರ ಬಂದು ಅವನ ಮುಖ ನೋಡಿ ನನಗೆ ಹೇಳು.