ಹಾರಲು ದೊಡ್ಡವಳು, ಕೂರಲು ಚಿಕ್ಕವಳು

ಯಲ್ಲಾಪುರ
14 ಡಿಸೆಂಬರ್ 2025, ಭಾನುವಾರ

ಪ್ರೀತಿಯ ಸುಬ್ಬಿ,

ನಾನು, ಉದಯ, ಮಗಳು ಅನುಶ್ರೀ ಮೂವರೂ ಆರಾಮ. ಶಿರಸಿಯಲ್ಲಿ ನೀನು, ಶಾಂತಾರಾಮಣ್ಣ, ಸಮೃದ್ಧಿ ಎಲ್ಲರೂ ಆರಾಮ ಇದ್ದೀರಿ ಎಂದುಕೊಂಡೇ ಬರೆಯಲು ಕೂತಿದ್ದೇನೆ. ದೀಪಾವಳಿಗೆ ಬರಬೇಕಿದ್ದ ಕಾಗದ ಇದು. ಸಿದ್ದಾಪುರದ ಶಾಲೆ ಬಿಟ್ಟ ವರ್ಷದಿಂದ ಯುಗಾದಿಗೊಂದು, ದೀಪಾವಳಿಗೊಂದು ಎಂದು ನಡೆಸಿಕೊಂಡು ಬಂದದ್ದನ್ನು ಈ ಸಲ ನಾನೇ ತಪ್ಪಿಸಿದೆ, ಬೈದುಕೋ. ನಮ್ಮ ಡಿಪೋದಲ್ಲಿ ಕಂಡಕ್ಟರುಗಳು ಕಡಿಮೆ. ಅರಬೈಲ್ ಘಟ್ಟ ಇಳಿದು ಅಂಕೋಲೆ ಮುಟ್ಟಿ ಹತ್ತಿ ಬರುವಷ್ಟರಲ್ಲಿ ಕಾಲು ನನ್ನದೋ ಬಸ್ಸಿನದೋ ಎಂದು ಗೊತ್ತಾಗುವುದಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ನನ್ನ ಸಿಟ್ಟು ಅರ್ಧಕ್ಕೇ ಇಳಿದುಬಿಡುತ್ತದೆ. ಈ ಸಿಟ್ಟು ಇಳಿಯುವುದು ನನಗೆ ಬೇಡ.

ಮೊದಲು ಒಳ್ಳೆಯ ಸುದ್ದಿ. ನಿನ್ನ ಮಗಳು ಸಮೃದ್ಧಿಗೆ ಬೆಂಗಳೂರಿನ ಕಡೆಯ ಸಂಬಂಧ ಗಟ್ಟಿಯಾಗುತ್ತಿದೆಯಂತೆ, ಬೀಗರು ಬಹಳ ದೊಡ್ಡ ಜನವಂತೆ. ಶಿರಸಿ ಬಸ್ಸಿನಲ್ಲಿ ಬಂದ ಸುದ್ದಿ, ಸುಳ್ಳಿರಲಾರದು. ದಿನ ಗೊತ್ತಾದ ಕೂಡಲೇ ತಿಳಿಸು. ನನಗೆ ರಜೆ ಕೇಳಲು ಎರಡು ತಿಂಗಳು ಮುಂಚೆ ಅರ್ಜಿ ಹಾಕಬೇಕು, ಮದುವೆಗೆ ಬಾರದಿದ್ದರೆ ನೀನು ನನ್ನ ಜಡೆ ಹಿಡಿದು ಎಳೆಯುತ್ತೀ.

ಈಗ ನನ್ನ ಉರಿ ಕೇಳು.

ಕಳೆದ ತಿಂಗಳು ಅನುಶ್ರೀ ಚೆಸ್ ಪಂದ್ಯಕ್ಕೆ ಭುವನೇಶ್ವರಕ್ಕೆ ಹೋಗಿದ್ದಳಲ್ಲ. ಅವಳು ಮಣೆಯ ಮೇಲೆ ಕುದುರೆ ನಡೆಸಲು ಕಲಿತದ್ದೇ ನೀನು ಕೊಟ್ಟ ಬೋರ್ಡಿನಲ್ಲಿ. ಸಮೃದ್ಧಿ ಆಡಿ ಬಿಟ್ಟದ್ದು ಎಂದು ನೀನು ಸಂಕೋಚದಿಂದ ಕೊಟ್ಟಿದ್ದೆ, ಅವಳು ದೇವರ ಪೆಟ್ಟಿಗೆಯ ಹಾಗೆ ಇಟ್ಟುಕೊಂಡಳು. ಈ ಸಲ ನನಗೆ ರಜೆ ಸಿಗಲಿಲ್ಲ, ಉದಯನಿಗೆ ಗ್ಯಾರೇಜು ಬಿಡಲು ಆಗಲಿಲ್ಲ. ಹದಿನೈದು ವರ್ಷದ ಹುಡುಗಿ ಹುಬ್ಬಳ್ಳಿಯಲ್ಲಿ ವಿಮಾನ ಹತ್ತಿ, ಬೆಂಗಳೂರಿನಲ್ಲಿ ಇನ್ನೊಂದಕ್ಕೆ ಬದಲಿಸಿ, ಒಬ್ಬಳೇ ಹೋಗಬೇಕಾಯಿತು. ಆಗ ನೀನೇ ಹೇಳಿಕೊಟ್ಟೆ: "ಬೆಂಗಳೂರಲ್ಲಿ ಅಷ್ಟೊತ್ತು ಎಲ್ಲಿ ಕೂರ್ತದೆ ಮಾರಾಯ್ತಿ ಕೂಸು? ಟಿಕೆಟ್ ಮಾಡುವಾಗ್ಲೇ ಲೌಂಜಿಗೂ ದುಡ್ಡು ಹಾಕಿಬಿಡು. ಮೆತ್ತನೆ ಕುರ್ಚಿ, ಬಿಸಿ ಇಡ್ಲಿ, ಬೇಕಾದಷ್ಟು ಕಾಪಿ." ನಾನು ಹಾಗೇ ಮಾಡಿದೆ. ಅವಳ ಹೆಸರು, ವಯಸ್ಸು ಎಲ್ಲ ಬರೆದ ಮೇಲೆಯೇ ಅವರು ಹಣ ತೆಗೆದುಕೊಂಡದ್ದು, ಇದನ್ನು ನೆನಪಿಟ್ಟುಕೋ.

ಹುಬ್ಬಳ್ಳಿಯಲ್ಲಿ ವಿಮಾನ ನಿಲ್ದಾಣದ ಬಾಗಿಲ ಒಳಗೆ ನನ್ನನ್ನು ಬಿಡಲಿಲ್ಲ. ನನ್ನ ಅಭ್ಯಾಸ ನಿನಗೆ ಗೊತ್ತು. ದಿನಾ ನನ್ನ ಬಸ್ಸಿಗೆ ತಾಯಂದಿರು ಬಂದು, "ಅಕ್ಕಾ, ಒಬ್ಬಳೇ ಹೊರಟಿದ್ದಾಳೆ, ಅಂಕೋಲೆಯಲ್ಲಿ ಮಾವ ಬರ್ತಾನೆ, ಕೈಗೆ ಕೊಡಿ" ಎಂದು ಮಕ್ಕಳನ್ನು ಒಪ್ಪಿಸಿ ಹೋಗುತ್ತಾರೆ. ನಾನು ಮುಟ್ಟಿಸುತ್ತೇನೆ. ಮಾವ ಬಾರದಿದ್ದರೆ ಬಸ್ಸು ನಿಲ್ಲಿಸಿಕೊಂಡು ಕಾಯುತ್ತೇನೆ, ಡ್ರೈವರ್ ಗೊಣಗಿದರೂ ಸರಿ. ಅದೇ ಧೈರ್ಯದಲ್ಲಿ ಸಾಲಿನಲ್ಲಿದ್ದ ಒಬ್ಬ ಹಿರಿಯರನ್ನು ಹಿಡಿದೆ. ಶಿವಪುತ್ರಪ್ಪ ಎಂದು, ಧಾರವಾಡದ ಕಡೆಯವರು, ಹೆಂಡತಿ ನೀಲಗಂಗವ್ವನನ್ನು ಕರೆದುಕೊಂಡು ಕಾಶಿಗೆ ಹೊರಟಿದ್ದರು. "ಬಿಡ್ರಿ ತಂಗಿ, ನಮ್ಮ ಮೊಮ್ಮಗಳಿದ್ದಂಗ. ಬೆಂಗಳೂರ ಮಟಾ ನಮ್ಮ ಕೂಡ ಇರ್ತಾಳ" ಎಂದರು. ಗುರುತು ಪರಿಚಯ ಏನೂ ಇಲ್ಲ.

ಅವರು ಮಾತಿಗೆ ತಪ್ಪಲಿಲ್ಲ. ಬೆಂಗಳೂರಿನಲ್ಲಿ ಇಳಿದು ಅವಳನ್ನು ಆ ಲೌಂಜಿನ ಬಾಗಿಲ ತನಕ ಕರೆದುಕೊಂಡು ಹೋದರು. ಅಲ್ಲಿ ಕಪ್ಪು ಕೋಟಿನ ಒಬ್ಬ ಹುಡುಗಿ ಕಂಪ್ಯೂಟರ್ ನೋಡಿ, "ಹದಿನೆಂಟರ ಒಳಗಿನವರು ಒಬ್ಬರೇ ಬರುವ ಹಾಗಿಲ್ಲ, ಜೊತೆಗೆ ದೊಡ್ಡವರು ಇರಬೇಕು" ಎಂದಳಂತೆ. "ನಾ ಅದೀನಲ್ರೀ ದೊಡ್ಡಾವ, ಮೊಮ್ಮಗಳು ಅಂತ ಬರಕೋರಿ" ಎಂದರಂತೆ ಶಿವಪುತ್ರಪ್ಪ. "ಒಳಗೆ ಹೋಗಲು ನಿಮಗೂ ಪರವಾನಗಿ ಇರಬೇಕು ಸರ್, ನಿಮ್ಮದು ಇದೆಯಾ?" ಅವರ ಹತ್ತಿರ ಎಲ್ಲಿಂದ ಬರಬೇಕು? ಪಾಪ, ನೀಲಗಂಗವ್ವ ತಮ್ಮ ಗಂಟು ಬಿಚ್ಚಿ, "ಅವರ ಇಡ್ಲಿ ಅವರ ಹಂತೇಕನ ಇರ್ಲಿ, ನೀ ಇದನ್ನ ತಿನ್ನವ್ವಾ" ಎಂದು ಎರಡು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು, ತಮ್ಮ ವಿಮಾನಕ್ಕೆ ಕರೆ ಬಂತೆಂದು ಹೋದರು. ಆಮೇಲೆ ಇವಳ ವಿಮಾನವನ್ನು ಮಂಜಿನ ನೆಪ ಹೇಳಿ ಮುಂದೆ ಹಾಕಿದರು, ಮತ್ತೂ ಮುಂದೆ ಹಾಕಿದರು. ಮಧ್ಯಾಹ್ನ ಹೋಗಿ ಸಂಜೆ ಬಂದರೂ ಹುಡುಗಿ ಆ ಬಾಗಿಲ ಎದುರಿನ ಕಬ್ಬಿಣದ ಕುರ್ಚಿಯಲ್ಲೇ ಕೂತಿದ್ದಳು. ಹೋಟೆಲಿನಲ್ಲಿ ದೋಸೆಯ ಬೆಲೆ ನೋಡಿ ಹಿಂದೆ ಬಂದಳಂತೆ. ಹಣ ಕೊಟ್ಟಿದ್ದೆ ಕಣೆ, ಆದರೆ ನಮ್ಮ ಮನೆಯ ಮಕ್ಕಳಿಗೆ ಬೆಲೆ ನೋಡದೆ ತಿಂದು ಗೊತ್ತಿಲ್ಲ.

ಈಗ ಹೇಳು, ಇದು ಯಾವ ಊರಿನ ನ್ಯಾಯ? ಹನ್ನೆರಡು ದಾಟಿದವಳು ದೊಡ್ಡವಳು ಎಂದು ಪೂರ್ತಿ ಟಿಕೆಟ್ಟಿನ ಹಣ ಕೀಳುತ್ತಾರೆ. ಮೋಡದ ಮೇಲೆ ಒಬ್ಬಳೇ ಕೂತು ಹೋಗಲು ದೊಡ್ಡವಳು. ನೆಲದ ಮೇಲೆ ಕುರ್ಚಿಯಲ್ಲಿ ಕೂತು ಇಡ್ಲಿ ತಿನ್ನಲು ಚಿಕ್ಕವಳು! ನಾನೂ ನಿಯಮದ ಹೆಂಗಸೇ. ಈಗ ಹೆಂಗಸರಿಗೆ ಟಿಕೆಟ್ ಸೊನ್ನೆ ಎನ್ನುವುದು ಬೇರೆ ಮಾತು, ಆದರೆ ಇಷ್ಟು ವರ್ಷದಲ್ಲಿ ಅರ್ಧ ಟಿಕೆಟ್ಟು ಪೂರ್ತಿ ಟಿಕೆಟ್ಟು ಎಂದು ಎಷ್ಟು ಜನರ ಹತ್ತಿರ ಜಗಳ ಕಾದಿದ್ದೇನೆ! ಪೂರ್ತಿ ಟಿಕೆಟ್ ಹರಿದು ಕೈಗೆ ಕೊಟ್ಟ ಮೇಲೆ "ಸೀಟಿನಲ್ಲಿ ಕೂರಬೇಡ, ನೀನು ಚಿಕ್ಕವಳು" ಎಂದ ಕಂಡಕ್ಟರನ್ನು ನೀನು ಎಲ್ಲಾದರೂ ಕಂಡಿದ್ದೀಯಾ? ಅಂಥವನನ್ನು ಜನ ಹಳಿಯಾಳ ಕ್ರಾಸಿನಲ್ಲೇ ಇಳಿಸಿ ಬುದ್ಧಿ ಹೇಳುತ್ತಿದ್ದರು. ಚಿಕ್ಕವಳು ಒಬ್ಬಳೇ ಇದ್ದಾಳೆ ಎಂದರೆ ಒಳಗೆ ಕರೆದು ಕಣ್ಣೆದುರು ಕೂರಿಸಿಕೊಳ್ಳಬೇಕು. ಇವರು ಒಬ್ಬಳೇ ಇದ್ದಾಳೆ ಎಂದೇ ಹೊರಗೆ ಕೂರಿಸಿದರು. ಆ ಕಪ್ಪು ಕೋಟಿನವಳಿಗೆ ತಂಗಿಯಿಲ್ಲವೇ? ಹೃದಯದ ಜಾಗದಲ್ಲಿ ಏನಿಟ್ಟುಕೊಂಡಿದ್ದಾಳೋ.

ಫೋನ್ ಹಚ್ಚಿದೆ. ಟಿಕೆಟ್ ಮಾಡಿಸಿದವರು ವಿಮಾನದವರನ್ನು ಕೇಳಿ ಎಂದರು. ವಿಮಾನದವರು ಲೌಂಜಿನವರನ್ನು ಕೇಳಿ ಎಂದರು. ಲೌಂಜಿನವನು ಜೇನಿನಂಥ ದನಿಯಲ್ಲಿ, "ನಿಯಮಗಳ ಕೊನೆಯಲ್ಲಿ ಬರೆದಿದೆ ಮೇಡಂ, ಒಪ್ಪಿಗೆ ಎಂದು ನೀವೇ ಗುರುತು ಹಾಕಿದ್ದೀರಿ" ಎಂದ. ಹಣ ತೆಗೆದುಕೊಳ್ಳುವಾಗ ವಯಸ್ಸು ಕಾಣಲಿಲ್ಲವೇನಪ್ಪ ಎಂದೆ. ನನ್ನ ಅಭಿಪ್ರಾಯ ತಮಗೆ ಅಮೂಲ್ಯ ಎಂದು ಫೋನ್ ಇಟ್ಟುಬಿಟ್ಟ.

ಉದಯನದು ಗೊತ್ತಲ್ಲ. "ಹೋಗ್ಲಿ ಬಿಡೇ, ಇಡ್ಲಿ ಸಿಗ್ಲಿಲ್ಲ ಅಂತ ಯಾರೂ ಸಾಯೂದಿಲ್ಲ" ಎಂದ. ಇಡ್ಲಿಯ ಮಾತಾಗಿದ್ದರೆ ನಾನೂ ಬಿಡುತ್ತಿದ್ದೆ. ಹುಡುಗಿ ಬದಲಾಗಿಬಿಟ್ಟಿದ್ದಾಳೆ ಸುಬ್ಬಿ. ಭುವನೇಶ್ವರದಲ್ಲಿ ಕಣ್ಣು ಮುಚ್ಚಿ ಗೆಲ್ಲಬೇಕಾದ ಆಟಗಳನ್ನೂ ಸೋತು ಬಂದಳು. ಬಂದವಳು ನೀನು ಕೊಟ್ಟ ಬೋರ್ಡನ್ನು ಕಪಾಟಿನ ತಲೆಯ ಮೇಲೆ ಎತ್ತಿಟ್ಟಳು, ಕೆಳಗೆ ಇಳಿಸಲೇ ಇಲ್ಲ. ಜನವರಿಯಲ್ಲಿ ಜೈಪುರದಲ್ಲಿ ಇನ್ನೊಂದು ಪಂದ್ಯವಿದೆ, ಅದರಲ್ಲಿ ಆಡಿದರೆ ರಾಜ್ಯದ ತಂಡಕ್ಕೆ ದಾರಿ. "ನಾ ಹೋಗೂದಿಲ್ಲ ಅಮ್ಮ" ಎನ್ನುತ್ತಾಳೆ. ಒಂದು ಬಾಗಿಲಲ್ಲಿ ತಡೆದದ್ದಕ್ಕೆ ಇಷ್ಟೊಂದು ಕುಗ್ಗುತ್ತಾರೆಯೇ?

ಬಾಗಿಲು ಎಂದಾಗ ನನಗೆ ನಿಮ್ಮ ತವರಿನ ಜಗಲಿ ನೆನಪಾಗುತ್ತದೆ. ನಾನು ಪುಸ್ತಕ ತಿರುಗಿಸಿ ಕೊಡಲು ಬಂದಿದ್ದೆ. ನಮ್ಮ ಮನೆಯವರು ನಿಮ್ಮ ಜಗಲಿ ದಾಟಿ ಒಳಗೆ ಬರುವ ರೂಢಿ ಆಗ ಇರಲಿಲ್ಲ. ನಿನ್ನ ಅಜ್ಜಿ ಬಾಳೆ ಎಲೆಯಲ್ಲಿ ಅವಲಕ್ಕಿ ತಂದು ಅಲ್ಲೇ ಇಟ್ಟರು. ನೀನು ಒಳಗಿನಿಂದ ನಿನ್ನ ಬಟ್ಟಲು ಎತ್ತಿಕೊಂಡು ಬಂದು ನನ್ನ ಪಕ್ಕ ಕೂತೆ. ಅಜ್ಜಿ, "ಎಂತಕ್ಕೆ ಅಲ್ಲಿ ಕೂತ್ಗಂಡೆ, ಒಳಗೆ ಬಾ" ಎಂದು ಗದರಿದರೂ ಅಲ್ಲಾಡಲಿಲ್ಲ. ಆ ಅವಲಕ್ಕಿಯ ಋಣದಲ್ಲೇ ಈ ಕಾಗದಗಳೆಲ್ಲ ನಡೆದು ಬಂದಿವೆ. ಅದಕ್ಕೇ ಅನುಶ್ರೀಗೆ ಹೇಳುತ್ತಿರುತ್ತೇನೆ, ಅಲ್ಲಿ ಸುಬ್ಬತ್ತೆ ಇದ್ದಿದ್ದರೆ ನಿನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತಿದ್ದಳು, ಆ ಕೋಟಿನವಳಿಗೂ ಎರಡು ಮಾತು ಹೇಳುತ್ತಿದ್ದಳು ಎಂದು. ಅವಳು ಎದ್ದು ಹೋಗುತ್ತಾಳೆ.

ಹಾಗಾಗಿ ಒಂದು ಕೇಳುತ್ತೇನೆ, ಇಲ್ಲ ಎನ್ನಬೇಡ. ನೀನು ಆಗಾಗ ವಿಮಾನದಲ್ಲಿ ಓಡಾಡುವವಳು. ಜೈಪುರಕ್ಕೆ ಅವಳ ಜೊತೆ ನೀನು ಹೋಗುತ್ತೀಯಾ? ನಿನ್ನ ಲೌಂಜಿನ ಕಾರ್ಡಿಗೆ ಒಬ್ಬರನ್ನು ಜೊತೆಗೆ ಬಿಡುತ್ತಾರಂತಲ್ಲ. ನೀನು ಬರುತ್ತೀ ಎಂದರೆ ಅವಳು ಹೊರಡುತ್ತಾಳೆ ಎಂದು ನನ್ನ ನಂಬಿಕೆ. ಭುವನೇಶ್ವರದಿಂದ ಅವಳು ಕ್ಷೇಮವಾಗಿ ಬಂದರೆ ಚಂದಗುಳಿ ಗಣಪನಿಗೆ ಗಂಟೆ ಕಟ್ಟುತ್ತೇನೆಂದು ಹರಕೆ ಹೊತ್ತಿದ್ದೆ, ಅದೂ ಬಾಕಿ ಇದೆ. ಇಬ್ಬರೂ ಸೇರಿ ಹೋಗಿ ಕಟ್ಟೋಣ.

ಸಮೃದ್ಧಿಗೆ ನನ್ನ ಹಾರೈಕೆ, ಮುತ್ತೈದೆಯಾಗಿ ನೂರು ಕಾಲ ಬಾಳಲಿ. ಶಾಂತಾರಾಮಣ್ಣನಿಗೆ ನಮಸ್ಕಾರ. ನಿನಗೆ ಏನು ಹೇಳಲಿ, ಹೀಗೇ ಇರು.

ನಿನ್ನ
ರೋಹಿಣಿ

ತಾ.ಕ.: ಕಾಗದ ಮಡಚುವಾಗ ಅನುಶ್ರೀ ಬಂದು ಯಾರಿಗೆ ಎಂದು ಕೇಳಿದಳು. ಸುಬ್ಬತ್ತೆಗೆ, ಜೈಪುರಕ್ಕೆ ನಿನ್ನ ಜೊತೆ ಹೋಗು ಎಂದು ಬರೆದಿದ್ದೇನೆ ಎಂದೆ. ಅವಳು ನೆಲದ ಮೇಲೆ ಕೂತು ಅತ್ತಳು. ಆಮೇಲೆ ಹೇಳಿದಳು.

"ಆ ಲೌಂಜಿನವ್ರದ್ದೇನೂ ತಪ್ಪಿಲ್ಲ ಅಮ್ಮ. ಅವ್ರು ಬಿಡ್ತಿದ್ರು."

ಶಿವಪುತ್ರಪ್ಪನವರು ಹೋದ ಮೇಲೆ ಆ ಕಪ್ಪು ಕೋಟಿನ ಹುಡುಗಿಯೇ ಇವಳನ್ನು ಕರೆದು, ಒಳಗೆ ನಿನಗೆ ಗೊತ್ತಿರುವ ದೊಡ್ಡವರು ಯಾರಾದರೂ ಇದ್ದಾರಾ, ನಮ್ಮವಳು ಎಂದು ಅವರು ಹೇಳಿದರೆ ಸಾಕು, ಬಿಡುತ್ತೇನೆ ಎಂದಳಂತೆ. ಇವಳು ಗಾಜಿನಾಚೆ ಬಗ್ಗಿ ನೋಡಿದಳು. ನೀನು ಕೂತಿದ್ದೆ. ನಿನ್ನ ಬೀಗರಾಗುವವರು ಎದುರಿಗಿದ್ದರೆಂದು ತೋರುತ್ತದೆ, ರೇಷ್ಮೆ ಸೀರೆಯ ಇಬ್ಬರು ಎಂದಳು. ಇವಳಿಗೆ ಜೀವ ಬಂದಂತಾಗಿ, "ಇದ್ದಾರೆ, ನಮ್ಮ ಸುಬ್ಬತ್ತೆ!" ಎಂದಳು. ಆ ಹುಡುಗಿ ಇವಳನ್ನು ನಿನ್ನ ಮೇಜಿನ ತನಕ ಕರೆದುಕೊಂಡು ಬಂದಳು. ಇವಳು ನೀನು ಕೊಟ್ಟ ಬೋರ್ಡನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಈ ಹುಡುಗಿ ನಿಮಗೆ ಗೊತ್ತಾ ಎಂದು ಕೇಳಿದ್ದಕ್ಕೆ ನೀನು "ಇಲ್ಲ" ಎಂದೆ. ಬೀಗಿತಿ, "ಯಾರಡಾ ಅದು?" ಎಂದು ಕೇಳಿದರು. "ಯಾರೋ ಏನ, ಎಂಗೆ ಗೊತ್ತಿಲ್ಲೆ" ಎಂದು ಫೋನು ಎತ್ತಿಕೊಂಡೆ.

ನಮ್ಮ ಕುಲಗೋತ್ರ ಹೇಳು ಎಂದು ಯಾರೂ ಕೇಳಿರಲಿಲ್ಲ ಸುಬ್ಬಿ. ನಮ್ಮ ಕಡೆಯ ಹುಡುಗಿ ಎಂದಿದ್ದರೆ ಸಾಕಿತ್ತು. ಕೋಟಿನ ಹುಡುಗಿಗೆ ಮೇಲೆ ನಾನು ಬೈದದ್ದನ್ನೆಲ್ಲ ಹಿಂದೆ ತೆಗೆದುಕೊಂಡಿದ್ದೇನೆ. ಅವಳು ಆಮೇಲೆ ಹೊರಗೆ ಬಂದು ಇವಳಿಗೆ ಬಿಸ್ಕಿಟು, ನೀರು ಕೊಟ್ಟು ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತಿದ್ದಳಂತೆ. ನೀನು ಬರಲಿಲ್ಲ. ಜಗಲಿಯ ದಿನ ನನ್ನನ್ನು ಒಳಗೆ ಕರೆಯುವುದು ನಿನ್ನ ಕೈಯಲ್ಲಿ ಇರಲಿಲ್ಲ, ಅದಕ್ಕೇ ನೀನು ಹೊರಗೆ ಬಂದೆ. ಮೊನ್ನೆ ನಿನ್ನ ಕೈಯಲ್ಲಿತ್ತು.

ಮೇಲೆ ಬರೆದದ್ದನ್ನು ಹರಿದು ಹಾಕಿಲ್ಲ. ಬರೆಯುವಾಗ ನಾನು ನಿನ್ನ ಗೆಳತಿಯಾಗಿದ್ದೆ, ಅದು ಸುಳ್ಳಲ್ಲ. ಜೈಪುರಕ್ಕೆ ಸಂಬಳವಿಲ್ಲದ ರಜೆ ಹಾಕಿ ನಾನೇ ಹೋಗುತ್ತೇನೆ, ನೀನು ಬರುವುದು ಬೇಡ. ಬೋರ್ಡನ್ನು ಬುಧವಾರ ಶಿರಸಿಗೆ ಬರುವ ಬೆಳಗಿನ ಬಸ್ಸಿನಲ್ಲಿ ಕಂಡಕ್ಟರ್ ಕೆರಿಯಪ್ಪನ ಕೈಗೆ ಕೊಡುತ್ತೇನೆ. ಒಪ್ಪಿಸಿದ್ದನ್ನು ಮುಟ್ಟಿಸುವ ಮನುಷ್ಯ. ನೀನೇ ಬಸ್ ನಿಲ್ದಾಣಕ್ಕೆ ಬಂದು ಕೇಳು. ಯಲ್ಲಾಪುರದ ರೋಹಿಣಿ ನಿಮಗೆ ಗೊತ್ತಾ ಎಂದು ಅವನು ಎಲ್ಲರೆದುರು ಕೇಳುತ್ತಾನೆ. ಗೊತ್ತು ಎಂದರೆ ಮಾತ್ರ ಕೊಡು ಎಂದು ಅವನಿಗೆ ಹೇಳಿರುತ್ತೇನೆ.