ಮೂರು ಅನ್ನುವ ಮೊದಲು

ಮಾರ್ಚ್ 3, ಸೋಮವಾರ

ಏಳಕ್ಕೇ ಶಟರ್ ಎತ್ತಿದೆ. ನಾಲ್ಕು ಕಟಿಂಗ್, ಎರಡು ಶೇವಿಂಗ್. ಎಡಗಡೆಯ ಕುರ್ಚಿ ಮತ್ತೆ ಕೈಕೊಟ್ಟಿದೆ. ಶೇವಿಂಗ್ ಮಾಡಿಸಿಕೊಳ್ಳುತ್ತಾ ನಮ್ಮ ಖಾಯಂ ಗಿರಾಕಿ ಪೇಂಟರ್ ಮಹಾಶಯ ಕುರ್ಚಿ ಸಮೇತ ಮೆಲ್ಲಗೆ ಕೆಳಕ್ಕಿಳಿದು ಹೋದ. ಹೆಂಡತಿ ಲ್ಯಾಬಿಗೆ ಹೊರಟವಳು ಎಂದಿನಂತೆ ಮಗಳನ್ನು ಅಂಗಡಿಯಲ್ಲಿ ಬಿಟ್ಟು ಹೋದಳು.

ಮಗಳು ಗುಂಡಮ್ಮನಿಗೆ ಎರಡು ವರ್ಷ ತುಂಬಿತು. ಇನ್ನೂ ಒಂದು ಮಾತಿಲ್ಲ. ಬೆರಳು ತೋರಿಸುತ್ತಾಳೆ, ಕೆಲಸ ಆಗುತ್ತದೆ. ಇಡೀ ಅಂಗಡಿಯನ್ನು ಒಂದೇ ಬೆರಳಲ್ಲಿ ಆಳುತ್ತಾಳೆ.

"ನಿನ್ನ ಮಗಳಾಗಿ ಮಾತಾಡಲ್ವಾ? ಮನೆ ಮಾತೆಲ್ಲ ನೀನೇ ಖರ್ಚು ಮಾಡಿಬಿಟ್ಟೆ ಬಿಡು" ಅಂದ ಪೇಂಟರ್. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಳ್ಳಲಿಲ್ಲ.

ಮಾರ್ಚ್ 5, ಬುಧವಾರ

ಅಂಗಡಿಗೆ ರಜೆ. ಆಸ್ಪತ್ರೆ. ಕಿವಿ ಚೆನ್ನಾಗಿ ಕೇಳಿಸುತ್ತದಂತೆ — ಉಸಿರು ಬಂತು. ಆಮೇಲೆ ಮಾತು ಕಲಿಸುವ ಮೇಡಂ. ಅವರು ಮಗುವಿಗಿಂತ ನಮ್ಮನ್ನೇ ಹೆಚ್ಚು ನೋಡಿದರು. ಗುಂಡಮ್ಮ ನೀರಿನ ಬಾಟಲಿಯ ಕಡೆ ಕಣ್ಣು ಹೊರಳಿಸಿದಳು. ಅಷ್ಟರಲ್ಲಿ ಜೊತೆಗೆ ಬಂದಿದ್ದ ಅತ್ತೆ ಮುಚ್ಚಳ ತೆಗೆದು ಬಾಯಿಗೆ ಹಿಡಿದಾಗಿತ್ತು.

"ತಡ ಆಗೋಕೆ ನೂರೆಂಟು ಕಾರಣ ಇರುತ್ತೆ. ಇದು ನಿಮ್ಮ ತಪ್ಪಲ್ಲ" ಅಂದರು ಮೇಡಂ. "ಆದ್ರೆ ಅವಳ ಮಾತಿಗೆ ಸ್ವಲ್ಪ ಜಾಗ ಬಿಡಿ. ಅರ್ಧ ಹೇಳಿ, ನಿಲ್ಲಿಸಿ. ಕಾಯಿರಿ."

"ಎಷ್ಟು ಹೊತ್ತು ಮೇಡಂ?"

"ಸಾಕಪ್ಪಾ ಅನ್ನಿಸೋದಕ್ಕಿಂತ ಸ್ವಲ್ಪ ಜಾಸ್ತಿ."

ಏಪ್ರಿಲ್ ಕೊನೆಗೆ ಮತ್ತೆ ನೋಡುತ್ತಾರಂತೆ. ಆಗಲೂ ಹೀಗೇ ಇದ್ದರೆ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತಾರಂತೆ. ಬಸ್ಸಿನಲ್ಲಿ ಇವಳು, ಗುಂಡಮ್ಮನ ಅಮ್ಮ, ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. "ಒಂದ್ಸಲ ಅಮ್ಮ ಅಂದ್ರೆ ಸಾಕು ಕಣ್ರೀ." ನನಗೂ ಅಪ್ಪ ಅನ್ನಿಸಿಕೊಳ್ಳುವ ಆಸೆ. ಹೇಳಲಿಲ್ಲ. ಇಲ್ಲಿ ಬರೆದಿದ್ದೇನೆ.

ಮಾರ್ಚ್ 9, ಭಾನುವಾರ

ಉಪಾಯ ಸಿಕ್ಕಿತು. ಕೂದಲಿಗೆ ನೀರು ಚಿಮುಕಿಸುವ ಬಾಟಲಿ ಅಂದರೆ ಗುಂಡಮ್ಮನಿಗೆ ಪ್ರಾಣ. ಕನ್ನಡಿಗೆ ಚಿಮುಕಿಸಿದರೆ ಕೇಕೆ ಹಾಕುತ್ತಾಳೆ. ಹೊಸ ಕಾನೂನು — ಒಂದು... ಎರಡು... ಅಲ್ಲಿಗೆ ನಿಲ್ಲಿಸಬೇಕು. ಮೂರು ಅನ್ನುವುದು ಅವಳ ಪಾಲು.

ನಿಲ್ಲಿಸಿದೆ. ಬೆರಳು ತೋರಿಸಿದಳು. ಕಾಲು ನೆಲಕ್ಕೆ ಬಡಿದಳು. ಬಾಯಿಗೆ ಬೀಗ ಹಾಕಿಕೊಂಡು ಕೂತೆ, ಅದೂ ನಾನು! ಕೊನೆಗೆ ಅವಳ ತುಟಿ ಸೊಟ್ಟಗಾಯಿತು. ಅಳುವ ಮೊದಲೇ ಚಿಮುಕಿಸಿಬಿಟ್ಟೆ.

ಅತ್ತೆಯ ಕಥೆ ಇನ್ನೂ ಚೆಂದ. ಲೋಟ ಹಿಡಿದು "ನೀ..." ಅನ್ನುತ್ತಾರೆ, ಅರ್ಧ ಉಸಿರಿನಷ್ಟು ಕಾಯುತ್ತಾರೆ, "...ರು ಕುಡಿ ನನ್ನ ಬಂಗಾರ" ಅಂತ ತಾವೇ ಮುಗಿಸುತ್ತಾರೆ.

ಮಾರ್ಚ್ 16, ಭಾನುವಾರ

ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ!

ಅಂಗಡಿ ತುಂಬಾ ಜನ. ಕಾನೂನು ಎಲ್ಲರಿಗೂ ಗೊತ್ತು. ಒಂದು... ಎರಡು... ಬೆಂಚಿನ ಮೇಲಿದ್ದವರು ಪೇಪರ್ ಇಳಿಸಿದರು. ಕತ್ತರಿ ನಿಂತಿತು. ಗುಂಡಮ್ಮ ಬಾಟಲಿ ನೋಡಿದಳು, ನನ್ನನ್ನು ನೋಡಿದಳು. ತುಟಿಗೆ ತುಟಿ ಕೂಡಿಸಿದಳು. "ಮ್..."

"ಮೂರು!" — ಕುರ್ಚಿಯಲ್ಲಿದ್ದ ರಿಟೈರ್ಡ್ ಮೇಷ್ಟ್ರು.

ಎಲ್ಲರೂ ಅವರ ಮೇಲೆ ಬಿದ್ದರು. "ಉತ್ತರ ಗೊತ್ತಿದ್ದೂ ಸುಮ್ನೆ ಕೂತು ಅಭ್ಯಾಸ ಇಲ್ಲ ಕಣ್ರಯ್ಯಾ!" ಅಂತ ಮೇಷ್ಟ್ರು ಗೋಳಾಡಿದರು. "ಸೋಪು ನಿಮ್ಮ ಬಾಯಿಗೇ ಹಚ್ಬೇಕಿತ್ತು" ಅಂದ ಪೇಂಟರ್. ಗುಂಡಮ್ಮ ಬಿದ್ದು ಬಿದ್ದು ನಕ್ಕಳು. ಇರಲಿ. ತುಟಿ ಕೂಡಿದ್ದನ್ನು ಕಣ್ಣಾರೆ ಕಂಡೆ.

ಮಾರ್ಚ್ 22, ಶನಿವಾರ

"ಮೂ!"

ಅಂದಳು! ನನ್ನ ಮಗಳು ಅಂದಳು!

ಒಂದು... ಎರಡು... ಮೇಷ್ಟ್ರು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಸಾಕಪ್ಪಾ ಅನ್ನಿಸಿತು. ಇನ್ನೂ ಸ್ವಲ್ಪ ಕಾದೆ. "ಮೂ!" ನಾನು ಕನ್ನಡಿಗೆ, ಗೋಡೆಗೆ, ಮೇಷ್ಟ್ರ ಕನ್ನಡಕಕ್ಕೆ, ಎಲ್ಲಕ್ಕೂ ಚಿಮುಕಿಸಿದೆ. ಮತ್ತೆ ಎಣಿಸಿದೆ. ಮತ್ತೆ "ಮೂ!" ಪೇಂಟರ್ ಅರ್ಧ ಮುಖದ ನೊರೆಯಲ್ಲೇ ಬೀದಿಗೆ ಓಡಿ ಎದುರಿನ ಟೈರ್ ಅಂಗಡಿಯವನಿಗೆ ಕೂಗಿ ಹೇಳಿದ.

ಇವಳಿಗೆ ಫೋನ್ ಮಾಡಿದರೆ ಗುಂಡಮ್ಮ ಗಪ್‌ಚಿಪ್. ಸಂಜೆ ಲ್ಯಾಬಿನ ಕೋಟನ್ನೂ ತೆಗೆಯದೆ ಬಂದಳು. ಅವಳೇ ಬಾಟಲಿ ಹಿಡಿದು ಎಣಿಸಿದಳು. "ಮೂ!" ಕೂದಲು ಬಿದ್ದ ನೆಲದ ಮೇಲೇ ಕೂತುಬಿಟ್ಟಳು. ಇಬ್ಬರಿಗೂ ಅಳು, ನಗು.

ಏಪ್ರಿಲ್ 24, ಗುರುವಾರ

ಬರೆಯಲು ಪುರುಸೊತ್ತೇ ಇಲ್ಲ. ಮಾತಾಡುವವರು ಇಬ್ಬರಾದರೆ ಅಂಗಡಿ ನಡೆಸುವುದು ಸುಲಭವಲ್ಲ. ನೀ, ಬಾ, ಅಜ್ಜಿ, ಬೇಡ. ಬೇಡ ಅಂತೂ ದಿನವಿಡೀ. ಅಮ್ಮ ಕೂಡ ಬಂತು — ಇವಳು ಕಾಲು ನೆಲಕ್ಕೆ ತಾಗಿಸದೆ ಓಡಾಡುತ್ತಿದ್ದಾಳೆ. ಮೇಷ್ಟ್ರು "ಮೇತ್ತು" ಆದರು.

ಮೇಡಂ ಇವತ್ತು ನೋಡಿ, "ದೊಡ್ಡ ಆಸ್ಪತ್ರೆ ಏನೂ ಬೇಡ. ಇನ್ನು ಎರಡು ಮಾತು ಜೋಡಿಸ್ತಾಳೆ ನೋಡ್ತಿರಿ" ಅಂದರು.

ಮೇಷ್ಟ್ರಿಗೂ ಒಂದು ಹೆಸರು ಸಿಕ್ಕಿತು. ನನಗೆ ಮಾತ್ರ ಇನ್ನೂ ಬೆರಳೇ. ಹೊಟ್ಟೆಕಿಚ್ಚೇ? ಹೌದು, ಹೊಟ್ಟೆಕಿಚ್ಚೇ.

ಮೇ 10, ಶನಿವಾರ, ಮಧ್ಯಾಹ್ನ

ಗಿರಾಕಿ ಇಲ್ಲ. ಕುರ್ಚಿ ರಿಪೇರಿಯಾಯಿತು. ಅದರಲ್ಲೇ ಕೂತು ಬರೆಯುತ್ತಿದ್ದೇನೆ. ಗುಂಡಮ್ಮ ಎರಡೂ ಕೈಯಲ್ಲಿ ಬಾಟಲಿ ಹಿಡಿದು ಎದುರಿಗೆ ಬಂದು ನಿಂತಳು. ಗುರಿ ಕನ್ನಡಿಯಲ್ಲ, ನಾನು.

"ಒಂದು" ಅಂದಳು.

"ಎಯ್ಡು" ಅಂದಳು.

ನಿಲ್ಲಿಸಿದಳು. ಹುಬ್ಬೇರಿಸಿ ನನ್ನನ್ನೇ ನೋಡುತ್ತಿದ್ದಾಳೆ. ಥೇಟ್ ನನ್ನ ಹಾಗೇ ಕಾಯುತ್ತಿದ್ದಾಳೆ. ಊರಿಗೆಲ್ಲ ಹರಟುವ ಬಾಯಿಂದ ಒಂದಕ್ಷರ ಹೊರಡುತ್ತಿಲ್ಲ. ಪೆನ್ನು ಹಿಡಿದ ಕೈ ಮಾತ್ರ ಓಡುತ್ತಿದೆ...

"ಅಪ್ಪ, ಹೇಳು."

ಅಪ್ಪ ಅಂದಳು. ಎರಡು ಮಾತು, ಜೋಡಿಸಿ! ಬಾಟಲಿ ಮೂಗಿನ ಹತ್ತಿರ ಬಂತು. ಹೇಳ್ತೀನಿ ತಾಯಿ, ಹೇಳ್ತೀನಿ — ಮೂ